ಐದು ಕಾರ್ಟ್ರಿಜ್‌ಗಳ ಬಿಲ್: ಇನ್ಸುಲಿನ್ ಬಿಟ್ಟ ಒಬ್ಬ ಹುಡುಗಿಯ ಪ್ರಕರಣ

ಮೂರನೇ ಸಲ ಅವಳನ್ನು ಕರೆದುಕೊಂಡು ಬಂದದ್ದು ಜೂನ್ ತಿಂಗಳ ಒಂದು ರಾತ್ರಿ, ಜೋರು ಮಳೆಯಲ್ಲಿ, ಪಿಜಿಯ ಇಬ್ಬರು ಗೆಳತಿಯರು ಆಟೋ ಮಾಡಿಕೊಂಡು. ಸಂಜೆಯಿಂದ ವಾಂತಿ, ಹೊಟ್ಟೆನೋವು. ಹೊರಗೆ ತಿಂದ ಗೋಲಿಬಜೆ ಆಗಿಬರಲಿಲ್ಲ ಅಂದುಕೊಂಡು ಗ್ಯಾಸ್ಟ್ರಿಕ್ ಮಾತ್ರೆ ಕೊಟ್ಟಿದ್ದರಂತೆ. ಅವಳ ಉಸಿರು ಮೆಟ್ಟಿಲು ಹತ್ತಿ ಓಡಿ ಬಂದವರ ಹಾಗೆ ಆಳವಾಗಿ, ಜೋರಾಗಿ ಹೋಗುತ್ತಿತ್ತು. ಬಾಯಿಯಿಂದ ಕಳಿತು ಹೋದ ಅನಾನಸಿನ ವಾಸನೆ. ಆ ವಾಸನೆ ಒಂದು ಸಲ ಗೊತ್ತಾದವರು ರಿಪೋರ್ಟ್ ಬರುವ ತನಕ ಕಾಯಬೇಕಾಗಿಲ್ಲ. ಶುಗರ್ 486, ರಕ್ತದ ಪಿಎಚ್ 7.08, ಕೀಟೋನ್ ತುಂಬಾ ಜಾಸ್ತಿ. ಡಯಾಬಿಟಿಕ್ ಕೀಟೋಅಸಿಡೋಸಿಸ್, ನಮ್ಮ ಬಾಯಲ್ಲಿ ಡಿಕೆಎ: ಇನ್ಸುಲಿನ್ ಸಾಲದೆ ರಕ್ತದಲ್ಲಿ ಆಮ್ಲ ತುಂಬಿ ಜೀವಕ್ಕೇ ಅಪಾಯ ಆಗುವ ಸ್ಥಿತಿ. ಹದಿನಾಲ್ಕು ತಿಂಗಳಲ್ಲಿ ಮೂರನೇ ಸಲ.

ನಾನು ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಡಯಾಬಿಟಿಸ್ ಎಜುಕೇಟರ್. ಡಾಕ್ಟರು ಇನ್ಸುಲಿನ್ ಬರೆದುಕೊಟ್ಟ ಮೇಲೆ ಅದನ್ನು ಚುಚ್ಚುವ ಪೆನ್ ಹಿಡಿಯುವುದು ಹೇಗೆ, ಸೂಜಿ ಎಲ್ಲಿ ಚುಚ್ಚುವುದು, ಎಷ್ಟು ಅನ್ನಕ್ಕೆ ಎಷ್ಟು ಯೂನಿಟ್ ಅಂತ ಹೇಳಿಕೊಡುವುದು ನನ್ನ ಕೆಲಸ. ಈ ಹುಡುಗಿಯೂ ಅವಳ ಮನೆಯವರೂ ಒಪ್ಪಿದ ಮೇಲೆ ಬರೆಯುತ್ತಿದ್ದೇನೆ. ಗುರುತು ಸಿಗಬಾರದು ಅಂತ ಊರು, ಓದು, ಮನೆಯ ವಿವರಗಳನ್ನು ಸ್ವಲ್ಪ ಬದಲಿಸಿದ್ದೇನೆ. ಹೆಸರು ಬೇಡ. ಅವಳಿಗೆ 19 ವರ್ಷ, ಉಡುಪಿ ಕಡೆಯವಳು, ಮಂಗಳೂರಿನಲ್ಲಿ ಡಿಗ್ರಿ ಓದುತ್ತಿದ್ದಾಳೆ. ಅಪ್ಪನದು ಊರಿನಲ್ಲಿ ಸಣ್ಣ ಜಿನಸಿ ಅಂಗಡಿ.

ಅವಳಿಗೆ ಟೈಪ್ ಒನ್ ಡಯಾಬಿಟಿಸ್ ಬಂದದ್ದು 12ನೇ ವರ್ಷದಲ್ಲಿ. ದೇಹದ ರಕ್ಷಣಾ ವ್ಯವಸ್ಥೆಯೇ ದಾರಿ ತಪ್ಪಿ ಇನ್ಸುಲಿನ್ ಮಾಡುವ ಜೀವಕೋಶಗಳನ್ನು ಹಾಳು ಮಾಡುವ ಕಾಯಿಲೆ ಅದು. ಸಿಹಿ ತಿಂದು ಬರುವುದಲ್ಲ, ಮಾತ್ರೆಯಲ್ಲಿ ಹೋಗುವುದೂ ಅಲ್ಲ. ಆಗ ಅವಳು ಏಳನೇ ಕ್ಲಾಸ್. ಎಷ್ಟು ನೀರು ಕುಡಿದರೂ ಬಾಯಾರಿಕೆ, ರಾತ್ರಿ ನಾಲ್ಕು ಸಲ ಏಳುವುದು, ತಿಂದದ್ದು ಮೈಗೆ ಹತ್ತದೆ ಸೊರಗುವುದು. ಆ ತಿಂಗಳಲ್ಲೇ ಮನೆಯಲ್ಲಿ ಚಿಕ್ಕಮ್ಮನ ಮದುವೆ. ಹಾಲ್‌ನಲ್ಲಿ ಸಿಕ್ಕವರೆಲ್ಲ ಅವಳ ಗಲ್ಲ ಹಿಡಿದು ಹೇಳಿದ್ದು ಒಂದೇ ಮಾತು: "ಎಂತ ಮಾರಾಯ್ತಿ, ಎಷ್ಟು ಚೆಂದ ಆಗಿದ್ದಿ, ತೆಳ್ಳಗೆ ಉದ್ದಕ್ಕೆ!" ಹತ್ತು ದಿನ ಕಳೆದು ಅವಳು ಐಸಿಯುನಲ್ಲಿ ಇದ್ದಳು. ಹುಟ್ಟಿದ ಮೇಲೆ ಅತಿ ಜಾಸ್ತಿ ಹೊಗಳಿಸಿಕೊಂಡದ್ದು ಅವಳು ಸಾವಿಗೆ ಹತ್ತಿರ ಇದ್ದ ವಾರದಲ್ಲಿ. ಇದನ್ನು ಅವಳೇ ನನಗೆ ಹೇಳಿದ್ದು, ಏಳು ವರ್ಷ ಆದ ಮೇಲೆ.

ಇನ್ಸುಲಿನ್ ಶುರು ಮಾಡಿದ ಮೇಲೆ ಎರಡು ತಿಂಗಳಲ್ಲಿ ಹೋದ ಮೈ ವಾಪಸ್ ಬಂತು. ಅದು ಬರಲೇಬೇಕು. ಇನ್ಸುಲಿನ್ ಇಲ್ಲದೆ ಉಪವಾಸ ಬಿದ್ದಿದ್ದ ದೇಹಕ್ಕೆ ತಿಂದದ್ದು ಮತ್ತೆ ಸಿಗುವಾಗ ಆಗುವುದೇ ಅದು. ಟೊರೊಂಟೊದಲ್ಲಿ 1922ರ ಜನವರಿಯಲ್ಲಿ 14 ವರ್ಷದ ಒಬ್ಬ ಹುಡುಗನಿಗೆ ಮೊದಲ ಸಲ ಇನ್ಸುಲಿನ್ ಚುಚ್ಚಿದರಲ್ಲ, ಅದಕ್ಕೂ ಮೊದಲು ಈ ಮಕ್ಕಳನ್ನು ಅರೆಹೊಟ್ಟೆಯಲ್ಲಿ ಇಟ್ಟು ಇನ್ನೂ ಕೆಲವು ತಿಂಗಳು ಉಳಿಸಿಕೊಳ್ಳುವುದೇ ಚಿಕಿತ್ಸೆ. ಆ ಕಾಲದ ಫೋಟೋಗಳಿವೆ: ಎಲುಬು ಎಣಿಸಬಹುದಾದ ಮಗು ಒಂದರಲ್ಲಿ, ಕೆನ್ನೆ ತುಂಬಿದ ಅದೇ ಮಗು ಇನ್ನೊಂದರಲ್ಲಿ. ತರಬೇತಿಯಲ್ಲಿ ಅದನ್ನು ನೋಡಿ ನನ್ನ ಕಣ್ಣಲ್ಲಿ ನೀರು ಬಂದಿತ್ತು. ಆದರೆ ಈ ಹುಡುಗಿಯ ಕೆನ್ನೆ ತುಂಬಿದಾಗ ಮನೆಗೆ ಬಂದ ದೊಡ್ಡಮ್ಮ ಹೇಳಿದ್ದು, "ಶುಗರ್ ಇದ್ದವರು ಸೊರಗುವುದಲ್ವಾ, ಇವಳು ದಪ್ಪ ಆಗ್ತಿದ್ದಾಳಲ್ಲ!" ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಚಾ ಕುಡಿಯುತ್ತಾ ಸುಮ್ನೆ ಹೇಳಿದ ಮಾತು. 12 ವರ್ಷದ ಹುಡುಗಿಗೆ ಅದು ಲೆಕ್ಕವಾಗಿ ಕೂತಿತು: ಇನ್ಸುಲಿನ್ ಅಂದರೆ ದಪ್ಪ.

ನಾವು ಕೇಳುತ್ತಿದ್ದ ಪ್ರಶ್ನೆಗಳು

ನಾನು ಅವಳನ್ನು ನಾಲ್ಕು ವರ್ಷದಿಂದ ನೋಡುತ್ತಿದ್ದೆ. ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಟೆಸ್ಟ್, ಅಂದರೆ ಎಚ್‌ಬಿಎ1ಸಿ, ಮೊದಲೆಲ್ಲ ಎಂಟರ ಹತ್ತಿರ ಇತ್ತು. ಆಮೇಲೆ ಹತ್ತು, ಹನ್ನೊಂದು, ಹನ್ನೆರಡೂವರೆ. ಹೆಚ್ಚಿನವರಿಗೆ ಅದು ಏಳರ ಒಳಗೆ ಇರಲಿ ಅಂತ ನಾವು ಹೇಳುವುದು. ದಿನಾ ಬೆರಳು ಚುಚ್ಚಿ ನೋಡಿದ ಶುಗರ್ ಬರೆಯುವ ಅವಳ ಡೈರಿ ನೋಡಿದರೆ ಮಾತ್ರ ಎಲ್ಲ ಚೆನ್ನಾಗಿತ್ತು: 124, 138, 142, 131. ಡೋಸ್ ಬದಲಿಸಿದೆವು. ಚುಚ್ಚುವ ಜಾಗ ಗಟ್ಟಿಯಾಗಿದೆಯಾ ಅಂತ ಹೊಟ್ಟೆ ಮುಟ್ಟಿ ನೋಡಿದೆವು. ಪಿಜಿಯಲ್ಲಿ ಫ್ರಿಜ್ ಸರಿ ಉಂಟಾ, ಇನ್ಸುಲಿನ್ ಸೆಕೆಗೆ ಹಾಳಾಗುತ್ತಿದೆಯಾ ಅಂತ ಕೇಳಿದೆವು. ಕರಾವಳಿಯ ಏಪ್ರಿಲ್ ತಿಂಗಳಲ್ಲಿ ಅದು ಕೇಳಲೇಬೇಕಾದ ಪ್ರಶ್ನೆಯೇ.

ಆಮೇಲೆ ಶುರುವಾಯಿತು ಇನ್ನೊಂದು ತರದ ಪ್ರಶ್ನೆ. "ಎಂತ ತಿಂದೆ ಹೇಳು. ಐಸ್‌ಕ್ರೀಮ್ ತಿಂದ್ಯಾ? ಬನ್ಸ್ ತಿಂದ್ಯಾ?" ಅವಳು ತಲೆ ತಗ್ಗಿಸಿ "ಇಲ್ಲ ಮೇಡಂ" ಅನ್ನುತ್ತಿದ್ದಳು. ಎರಡನೇ ಡಿಕೆಎ ಆದಾಗ ನಾನು ಅವಳ ಅಮ್ಮನ ಎದುರಿಗೇ ಹೇಳಿದೆ, ಹೀಗೆ ಹೋದರೆ ಕಣ್ಣು ಹೋಗ್ತದೆ, ಕಿಡ್ನಿ ಹೋಗ್ತದೆ ಅಂತ. ಹೆದರಿಕೆಯಿಂದ ಸರಿಯಾಗುತ್ತಾಳೆ ಅಂದುಕೊಂಡಿದ್ದೆ. ಅವಳು ಮುಂದಿನ ಎರಡು ಅಪಾಯಿಂಟ್‌ಮೆಂಟಿಗೆ ಬರಲೇ ಇಲ್ಲ. ನಾನು ಹಾಗೆ ಹೇಳಬಾರದಿತ್ತು. ಆ ಎರಡು ತಪ್ಪಿದ ಭೇಟಿಗಳು ನನ್ನ ಮಾತಿನಿಂದಲೇ ತಪ್ಪಿದ್ದು ಅಂತ ಅವಳು ಆಮೇಲೆ ಹೇಳಿದಳು, ಅದನ್ನು ಇಲ್ಲಿ ಬರೆಯದೆ ಬಿಟ್ಟರೆ ಈ ಪ್ರಕರಣ ಪೂರ್ತಿ ಆಗುವುದಿಲ್ಲ.

ಮೂರನೇ ಸಲ ಬಂದಾಗ ಅವಳಿನ್ನೂ ಡ್ರಿಪ್‌ನಲ್ಲಿ ಇರುವಾಗ ನಾನು ಆ ಡೈರಿಯನ್ನು ಮತ್ತೆ ತೆಗೆದೆ. ಈ ಸಲ ಅಂಕಿ ನೋಡಲಿಲ್ಲ, ಸುಮ್ನೆ ಪುಟ ನೋಡಿದೆ. ಎಪ್ಪತ್ತು ದಿನದ ಬರಹ, ಎಲ್ಲ ಒಂದೇ ನೀಲಿ ಜೆಲ್ ಪೆನ್. ಒಂದು ಕಡೆ ಚಹಾದ ಕಲೆ ಇಲ್ಲ, ಒಂದು ರಕ್ತದ ಚುಕ್ಕೆ ಇಲ್ಲ, ಅವಸರದ ಗೀಚು ಇಲ್ಲ. ದಿನಕ್ಕೆ ನಾಲ್ಕು ಸಲ ಬೆರಳು ಚುಚ್ಚುವವರ ಡೈರಿ ಹಾಗಿರುವುದಿಲ್ಲ. ಮೀಟರಿನ ಮೆಮೊರಿ ತೆಗೆದರೆ ಎರಡು ತಿಂಗಳಲ್ಲಿ ಒಂಬತ್ತು ಟೆಸ್ಟ್.

ಅಪ್ಪನ ಪ್ಲಾಸ್ಟಿಕ್ ಕವರ್

ಬೆಳಗ್ಗಿನ ಬಸ್ಸಿಗೆ ಅಪ್ಪ ಅಮ್ಮ ಬಂದರು. ಅಪ್ಪ ಅಂಗಡಿಯವರು ತಾನೇ, ಯಾವ ಬಿಲ್ಲೂ ಬಿಸಾಡುವ ಅಭ್ಯಾಸ ಇಲ್ಲ. ಮೆಡಿಕಲ್‌ನ ಬಿಲ್ಲುಗಳನ್ನೆಲ್ಲ ಒಂದು ಪ್ಲಾಸ್ಟಿಕ್ ಕವರಿನಲ್ಲಿ ತಂದಿದ್ದರು. ಮಾತಿನ ನಡುವೆ ಹೇಳಿದರು, "ಈ ವರ್ಷ ಇನ್ಸುಲಿನ್‌ಗೆ ಖರ್ಚು ಸ್ವಲ್ಪ ಕಡಿಮೆ ಬಂತು ಮೇಡಂ. ಅವಳು ಮೊದಲಿನಷ್ಟು ಕೇಳುವುದಿಲ್ಲ."

ನಾನು ಅಲ್ಲೇ ಕೂತು ಲೆಕ್ಕ ಹಾಕಿದೆ. ಪೆನ್ನಿನ ಒಂದು ಕಾರ್ಟ್ರಿಜ್‌ನಲ್ಲಿ 3 ಎಂಎಲ್, 300 ಯೂನಿಟ್. ಅವಳಿಗೆ ರಾತ್ರಿಯ ಇನ್ಸುಲಿನ್ 18 ಯೂನಿಟ್, ಮೂರು ಹೊತ್ತಿನ ಊಟದ ಇನ್ಸುಲಿನ್ ಒಟ್ಟು 26. ಪ್ರತಿ ಸಲ ಚುಚ್ಚುವ ಮೊದಲು ಗಾಳಿ ತೆಗೆಯಲು 2 ಯೂನಿಟ್ ಹೊರಗೆ ಹೋಗುತ್ತದೆ. ಹಾಗಾದರೆ ಊಟದ್ದು ದಿನಕ್ಕೆ 32, ಆರು ತಿಂಗಳಿಗೆ 5760 ಯೂನಿಟ್, ಅಂದರೆ 19 ಕಾರ್ಟ್ರಿಜ್ ದಾಟಬೇಕು. ಬಿಲ್ಲುಗಳಲ್ಲಿ ಇದ್ದದ್ದು ಐದು. ರಾತ್ರಿಯದ್ದು 12 ಬೇಕಿತ್ತು, ಇದ್ದದ್ದು ಏಳು. ಎರಡು ಸಲ ಕೂಡಿಸಿ ನೋಡಿದೆ. ಅಪ್ಪ ನನ್ನ ಕಾಗದವನ್ನೇ ನೋಡುತ್ತಿದ್ದರು. ನಾನು ಏನೂ ಹೇಳುವ ಮೊದಲೇ ಅವರಿಗೆ ಅರ್ಥವಾಯಿತು, ದಿನಾ ಲೆಕ್ಕ ಬರೆಯುವ ಮನುಷ್ಯ ಅಲ್ವಾ.

ಅವರಿಗೆ ಒಂದೇ ಒಂದು ಮಾತು ಹೇಳಿದೆ. ಈಗ ಹೋಗಿ ಅವಳನ್ನು ಬೈಯಬೇಡಿ, ಕೇಳಲೂ ಬೇಡಿ, ನಾನು ಮಾತಾಡ್ತೇನೆ.

ಮರುದಿನ ವಾರ್ಡಿಗೆ ಬಂದ ಮೇಲೆ ಅಮ್ಮನನ್ನು ಕ್ಯಾಂಟೀನಿಗೆ ಕಳಿಸಿ ಅವಳ ಹತ್ತಿರ ಕೂತೆ. ತುಳುವಿನಲ್ಲಿ ಮಾತಾಡಿದೆ, ಅದು ಅವಳ ಮನೆಮಾತು. ಕೇಳಿದ್ದು ಇಷ್ಟೇ: ಇನ್ಸುಲಿನ್ ಹಾಕುವುದು ಕಷ್ಟ ಆಗ್ತದೆ ಅಂತ ತುಂಬಾ ಜನ ಹೇಳ್ತಾರೆ, ಕೆಲವರು ದಪ್ಪ ಆಗ್ತೇನೆ ಅಂತ ಹೆದರಿ ಬಿಡ್ತಾರೆ, ನಿನಗೂ ಹಾಗೆ ಆಗುವುದು ಉಂಟಾ? ಅವಳು ತುಂಬಾ ಹೊತ್ತು ಕೈಗೆ ಹಾಕಿದ ಕ್ಯಾನುಲಾದ ಪ್ಲಾಸ್ಟರ್ ಅಂಚನ್ನು ಉಗುರಿನಿಂದ ಕೆರೆಯುತ್ತಾ ಇದ್ದಳು. ಆಮೇಲೆ ಕೇಳಿದಳು, "ಬೇರೆಯವರೂ ಮಾಡ್ತಾರಾ?"

ಹೌದು, ಮಾಡುತ್ತಾರೆ. ಬಾಸ್ಟನ್‌ನ ಜೋಸ್ಲಿನ್ ಡಯಾಬಿಟಿಸ್ ಕೇಂದ್ರದವರು ಟೈಪ್ ಒನ್ ಇರುವ 234 ಹೆಂಗಸರನ್ನು 11 ವರ್ಷ ನೋಡಿಕೊಂಡು ಬಂದು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಶುರುವಿನಲ್ಲೇ ನೂರಕ್ಕೆ 30 ಜನ ಇನ್ಸುಲಿನ್ ಕಡಿಮೆ ಮಾಡಿಕೊಳ್ಳುತ್ತಿದ್ದೇವೆ ಅಂತ ಹೇಳಿದ್ದರು. ಹಾಗೆ ಮಾಡಿದವರಿಗೆ ಸಾವಿನ ಅಪಾಯ ಮೂರು ಪಟ್ಟು. ತೀರಿಕೊಂಡವರಲ್ಲಿ ಇನ್ಸುಲಿನ್ ಬಿಡುತ್ತಿದ್ದವರ ಸರಾಸರಿ ವಯಸ್ಸು 45, ಬಿಡದವರದು 58. ಹದಿಹರೆಯದ ಹುಡುಗಿಯರಲ್ಲಿ ಟೈಪ್ ಒನ್ ಇದ್ದವರಿಗೆ ಊಟದ ಕಾಯಿಲೆ, ಅಂದರೆ ಈಟಿಂಗ್ ಡಿಸಾರ್ಡರ್, ಬರುವುದು ಉಳಿದವರಿಗಿಂತ ಸುಮಾರು ಎರಡು ಪಟ್ಟು ಅಂತ 2000ದಲ್ಲಿ ಬಂದ ಇನ್ನೊಂದು ಅಧ್ಯಯನ ಹೇಳಿತ್ತು. ಗಂಡುಮಕ್ಕಳಲ್ಲೂ ಇದೆ, ಅವರನ್ನು ಇನ್ನೂ ಕಡಿಮೆ ಕೇಳುತ್ತೇವೆ. ಆ ದಿನ ಅವಳಿಗೆ ಈ ಅಂಕಿ ಯಾವುದನ್ನೂ ಹೇಳಲಿಲ್ಲ. "ಹೌದು, ಮಾಡ್ತಾರೆ, ನೀನು ಒಬ್ಬಳೇ ಅಲ್ಲ" ಅಂದೆ ಅಷ್ಟೇ. ಆಗ ಅತ್ತಳು.

ಅವಳು ಹೇಳಿದ್ದು

ಶುರುವಾದದ್ದು ಪಿಯುಸಿಯಲ್ಲಿ. ಒಂದು ಮದುವೆಗೆ ಹೋಗಿದ್ದರು. ಶುಗರ್ ಇರುವುದು ನೆಂಟರಿಗೆ ಗೊತ್ತಾಗಬಾರದು, ನಾಳೆ ಹುಡುಗಿಗೆ ಸಂಬಂಧ ಬರಬೇಕಲ್ಲ ಅಂತ ಅಮ್ಮನಿಗೆ ಭಯ, ಹಾಗಾಗಿ ಹಾಲ್‌ಗೆ ಹೋದಾಗಲೆಲ್ಲ ಬಾತ್‌ರೂಮಿಗೆ ಹೋಗಿ ಚುಚ್ಚಿಕೊಳ್ಳುವ ಅಭ್ಯಾಸ. ಅವತ್ತು ಬಾತ್‌ರೂಮ್ ಎದುರು ಸಾಲು ಇತ್ತು. ಬಿಟ್ಟಳು. ಏನೂ ಆಗಲಿಲ್ಲ. ಇನ್ನೊಂದು ದಿನ ಬಿಟ್ಟಳು. ತೂಕ ಇಳಿದದ್ದು ಕಂಡಿತು. ಅಲ್ಲಿಂದ ಬಿಡುವುದು ಅವಳ ಕೈಯಲ್ಲಿ ಉಳಿಯಲಿಲ್ಲ.

ಹೊರಗಿನವರಿಗೆ ಇದು ಹಟ ಅಂತ ಕಾಣುತ್ತದೆ. ಒಳಗಿನ ಕೆಲಸ ಬೇರೆ. ಇನ್ಸುಲಿನ್ ಇಲ್ಲದಾಗ ಸಕ್ಕರೆ ರಕ್ತದಲ್ಲೇ ಉಳಿಯುತ್ತದೆ, ಸುಮಾರು 180 ದಾಟಿದ ಮೇಲೆ ಮೂತ್ರದಲ್ಲಿ ಹೋಗತೊಡಗುತ್ತದೆ, ಜೊತೆಗೆ ನೀರನ್ನೂ ಎಳೆದುಕೊಂಡು ಹೋಗುತ್ತದೆ. ಜೀವಕೋಶಗಳಿಗೆ ಏನೂ ಸಿಗದೆ ದೇಹ ತನ್ನ ಕೊಬ್ಬನ್ನೂ ಮಾಂಸಖಂಡವನ್ನೂ ಕರಗಿಸುತ್ತದೆ, ಕೀಟೋನ್ ಎಂಬ ಆಮ್ಲ ತುಂಬುತ್ತದೆ. ಕಾಟಾದಲ್ಲಿ ಇಳಿದದ್ದು ನೀರು, ಸ್ನಾಯು, ಮತ್ತು ಆಯುಷ್ಯ. ಹೊಟ್ಟೆ ಮಾತ್ರ ಹಸಿದೇ ಇರುತ್ತದೆ. ಹಸಿದು ರಾತ್ರಿ ತಿನ್ನುವುದು, ತಿಂದೆನಲ್ಲ ಅಂತ ನಾಚಿಕೆ, ಆ ನಾಚಿಕೆಗೆ ಮತ್ತೆ ಇನ್ಸುಲಿನ್ ಬಿಡುವುದು.

ಇನ್ನೊಂದು ಮಾತು ಹೇಳಿದಳು, ಅದು ನನ್ನ ಇಷ್ಟು ವರ್ಷದ ಕೆಲಸವನ್ನೇ ತಿರುಗಿಸಿ ತೋರಿಸಿತು. "ಶುಗರ್ ಲೋ ಆದಾಗ ಮಾತ್ರ ನನಗೆ ಸಿಹಿ ತಿನ್ಲಿಕ್ಕೆ ಪರ್ಮಿಷನ್ ಇದ್ದದ್ದು ಮೇಡಂ. ಲೋ ಆದ್ರೆ ಗ್ಲುಕೋಸ್ ಬಿಸ್ಕೆಟ್ ಪೂರ್ತಿ ಪ್ಯಾಕೆಟ್ ತಿಂತಿದ್ದೆ, ಅದು ಸಿಗುವುದು ಆಗ ಮಾತ್ರ ಅಂತ." ನೀರ್‌ದೋಸೆ ಎರಡೇ, ಅನ್ನ ಒಂದೇ ಸೌಟು, ಹಲಸಿನಹಣ್ಣು ಬೇಡ, ಪಾಯಸ ಬೇಡ ಅಂತ ಏಳು ವರ್ಷ ತಟ್ಟೆ ನೋಡಿ ನೋಡಿ ನಾವೇ ಅವಳಿಗೆ ಊಟವನ್ನು ಪರೀಕ್ಷೆ ಮಾಡಿ ಇಟ್ಟಿದ್ದೆವು.

ಕೆಲವರು ಇದಕ್ಕೆ ಡಯಾಬುಲಿಮಿಯಾ ಅನ್ನುತ್ತಾರೆ. ಅದು ಅಧಿಕೃತ ಕಾಯಿಲೆಯ ಹೆಸರಲ್ಲ, ಆದರೆ ಮನೋವೈದ್ಯರು ಬಳಸುವ 2013ರ ಡಿಎಸ್‌ಎಂ-5 ಕೈಪಿಡಿಯಲ್ಲಿ ಬುಲಿಮಿಯಾದ, ಅಂದರೆ ಮಿತಿಮೀರಿ ತಿಂದು ತೂಕ ಏರದಂತೆ ಅದನ್ನು ಹೇಗಾದರೂ ಹೊರಹಾಕುವ ಕಾಯಿಲೆಯ, ಭಾಗವಾಗಿ ಇನ್ಸುಲಿನ್ ಬಿಡುವುದರ ಪ್ರಸ್ತಾಪ ಇದೆ. ಟೈಪ್ ಒನ್ ಇರುವವರಿಗೆ ಅಂತಲೇ ಮಾಡಿದ 16 ಪ್ರಶ್ನೆಗಳ ಒಂದು ಪಟ್ಟಿಯೂ ಇದೆ, ಡಿಇಪಿಎಸ್-ಆರ್ ಅಂತ. ತುಂಬಿಸಲು ಹತ್ತು ನಿಮಿಷ ಸಾಕು. ಮೊದಲನೇ ಡಿಕೆಎ ಆದಾಗಲೇ ಅದನ್ನು ಅವಳ ಕೈಗೆ ಕೊಡಬಹುದಿತ್ತು.

ಚಿಕಿತ್ಸೆ

ಅಮ್ಮ ಮೊದಲು ಒಪ್ಪಲಿಲ್ಲ. "ಅವಳಿಗೆ ತಲೆ ಸರಿ ಉಂಟು, ಮಾನಸಿಕ ಡಾಕ್ಟರ್ ಎಂತಕ್ಕೆ?" ಅಂದರು. ನಮ್ಮ ಡಯಾಬಿಟಿಸ್ ಡಾಕ್ಟರು, ಅಂದರೆ ಎಂಡೋಕ್ರೈನಾಲಜಿಸ್ಟ್, ಅಮ್ಮನ ಜೊತೆ ಕೂತು ಸುಮಾರು ಮುಕ್ಕಾಲು ಗಂಟೆ ಮಾತಾಡಿದರು, ಒಪಿಡಿ ಹೊರಗೆ ಅಷ್ಟು ಜನ ಕಾಯುತ್ತಿದ್ದರೂ. ಕೊನೆಗೆ ಮನೋವೈದ್ಯರು, ಕೌನ್ಸೆಲಿಂಗ್ ಮಾಡುವ ಸೈಕಾಲಜಿಸ್ಟ್, ಡಾಕ್ಟರು, ನಾನು, ನಾಲ್ಕೂ ಜನ ಒಂದೇ ಮಾತು ಆಡಬೇಕು ಅಂತ ತೀರ್ಮಾನ ಮಾಡಿಕೊಂಡೆವು. ಒಬ್ಬರು ತೂಕ ಕೇಳಿ ಇನ್ನೊಬ್ಬರು ತೂಕದ ಬಗ್ಗೆ ಯೋಚಿಸಬೇಡ ಅಂದರೆ ಎಲ್ಲ ಹಾಳು.

ಮೊದಲ ತಿಂಗಳ ಗುರಿ ಒಂದೇ ಒಂದು: ರಾತ್ರಿಯ ಇನ್ಸುಲಿನ್ ತಪ್ಪಬಾರದು. ಅದೊಂದು ಇದ್ದರೆ ಡಿಕೆಎಯ ಅಪಾಯ ತುಂಬಾ ಇಳಿಯುತ್ತದೆ. ಅವಳು ಸ್ವಲ್ಪ ದಿನ ಪಿಜಿ ಬಿಟ್ಟು ಊರಿಂದಲೇ ಬಸ್ಸಿನಲ್ಲಿ ಓಡಾಡಿದಳು, ರಾತ್ರಿ ಚುಚ್ಚುವುದು ಅಮ್ಮ. ಅವಳೇ ಕೇಳಿಕೊಂಡದ್ದು ಅದು, "ನನ್ನ ಕೈಯಲ್ಲಿ ಪೆನ್ ಇದ್ರೆ ಜಗಳ ಶುರು ಆಗ್ತದೆ" ಅಂತ. ಊಟದ ಡೋಸನ್ನು ನಿಧಾನವಾಗಿ ಏರಿಸಿದೆವು. ನಿಧಾನ ಯಾಕೆಂದರೆ, ತುಂಬಾ ದಿನ ಹೈ ಇದ್ದ ಶುಗರನ್ನು ಒಮ್ಮೆಗೇ ಇಳಿಸಿದರೆ ಕಾಲಿನ ನರಗಳಲ್ಲಿ ಉರಿ, ನೋವು ಬರಬಹುದು, ಕಣ್ಣಿನ ಹಿಂಭಾಗದ ರಕ್ತನಾಳಗಳೂ ಕೆಲ ಕಾಲ ಕೆಡಬಹುದು. ಹಾಗಾಗಿ ಮೊದಲೇ ಕಣ್ಣಿನ ಪರೀಕ್ಷೆ ಆಯಿತು. ರೆಟಿನಾದಲ್ಲಿ ಸಣ್ಣ ಬದಲಾವಣೆ ಆಗಲೇ ಶುರುವಾಗಿತ್ತು. 19 ವರ್ಷಕ್ಕೆ.

ಎರಡನೇ ವಾರ ಪಾದ ಊದಿತು. ಇದು ಎಲ್ಲಕ್ಕಿಂತ ಕಷ್ಟದ ಜಾಗ. ಇನ್ಸುಲಿನ್ ಮತ್ತೆ ಸರಿಯಾಗಿ ಸಿಗುವಾಗ ದೇಹ ಉಪ್ಪು, ನೀರು ಹಿಡಿದಿಟ್ಟುಕೊಳ್ಳುತ್ತದೆ, ಕೆಲವು ವಾರದಲ್ಲಿ ತಾನಾಗಿಯೇ ಇಳಿಯುತ್ತದೆ. ಮೊದಲೇ ಹೇಳಿಟ್ಟಿದ್ದೆವು, ಚಿತ್ರ ಬರೆದೂ ತೋರಿಸಿದ್ದೆವು. ಆದರೂ ಚಪ್ಪಲಿಯ ಪಟ್ಟಿ ಪಾದದ ಮೇಲೆ ಗೆರೆ ಬೀಳಿಸಿದ್ದು ಕಂಡ ದಿನ ಅವಳು ಊಟದ ಇನ್ಸುಲಿನ್ ಮೂರು ಹೊತ್ತೂ ಬಿಟ್ಟಳು. ಒಳ್ಳೆಯದು ಏನೆಂದರೆ ಅದೇ ರಾತ್ರಿ ನನಗೆ ಮೆಸೇಜ್ ಹಾಕಿದಳು. "ಇವತ್ತು ಹಾಕಿಲ್ಲ." ಅಷ್ಟೇ ಇತ್ತು. ನಾನು ಕೇಳಿದೆ, ರಾತ್ರಿಯದ್ದು ಅಮ್ಮ ಹಾಕಿದ್ರಾ? ಹೌದು. ಕೀಟೋನ್ ಸ್ಟ್ರಿಪ್ ನೋಡಿದ್ಯಾ? ಸ್ವಲ್ಪ ಉಂಟು. ಡಾಕ್ಟರಿಗೆ ಫೋನ್ ಮಾಡಿ ಎಷ್ಟು ಹಾಕಬೇಕು ಅಂತ ಕೇಳಿ ಹೇಳಿದೆ, ನೀರು ಕುಡಿಸಿದೆ, ವಾಂತಿ ಬಂದರೆ ತಕ್ಷಣ ಹೊರಡಿ ಅಂತ ಅಪ್ಪನಿಗೆ ಹೇಳಿದೆ. ಮೊದಲಾಗಿದ್ದರೆ ನಾನು "ಯಾಕೆ ಹಾಕಿಲ್ಲ?" ಅಂತ ಶುರು ಮಾಡುತ್ತಿದ್ದೆ.

ಆಸ್ಪತ್ರೆಯಲ್ಲಿ ಅವಳ ತೂಕ ನೋಡುವಾಗ ಕಾಟಾಕ್ಕೆ ಬೆನ್ನು ಹಾಕಿ ನಿಲ್ಲಿಸುತ್ತೇವೆ, ಅಂಕಿ ಹೇಳುವುದಿಲ್ಲ. ಮನೆಯ ಅಡುಗೆಮನೆಯಲ್ಲಿ ಅನ್ನ ತೂಗಲು ನಾನೇ ಕೊಡಿಸಿದ್ದ ಸಣ್ಣ ತಕ್ಕಡಿ ವಾಪಸ್ ಬಂತು. ಈಗ ಲೆಕ್ಕ ಸೌಟಿನಲ್ಲಿ, ಲೋಟದಲ್ಲಿ. ಬೇಡದ ತಿಂಡಿಗಳ ಪಟ್ಟಿ ಹರಿದು ಹಾಕಿದೆವು. ಅಷ್ಟಮಿಗೆ ಮೂಡೆ ಮಾಡಿದಾಗ ಎಷ್ಟು ಮೂಡೆಗೆ ಎಷ್ಟು ಯೂನಿಟ್ ಅಂತ ಅವಳೇ ಫೋನ್ ಮಾಡಿ ಕೇಳಿದಳು, ಮನೆಯವರ ಜೊತೆ ಕೂತು ತಿಂದಳು, ಎಲ್ಲರ ಎದುರೇ ಹಾಕಿಕೊಂಡಳು. ದೊಡ್ಡಮ್ಮ ಏನೋ ಹೇಳಲು ಬಾಯಿ ತೆರೆದರಂತೆ. ಅಪ್ಪ, ಅಷ್ಟು ಮಾತೇ ಆಡದ ಮನುಷ್ಯ, "ಅತ್ತಿಗೆ, ಅವಳ ಮೈಯ ವಿಷಯ ಈ ಮನೆಯಲ್ಲಿ ಮಾತಾಡ್ಲಿಕ್ಕಿಲ್ಲ" ಅಂದರಂತೆ.

ಇದನ್ನು ಓದುವವರಲ್ಲಿ ಟೈಪ್ ಒನ್ ಮಕ್ಕಳ ಅಪ್ಪ ಅಮ್ಮ ಇರಬಹುದು. ಮೂರು ತಿಂಗಳ ಶುಗರ್ ಏರುತ್ತಾ ಇದೆ, ಡೈರಿ ಮಾತ್ರ ಚೆಂದ ಇದೆ, ಡಿಕೆಎ ಮತ್ತೆ ಮತ್ತೆ ಆಗುತ್ತಿದೆ, ಕಾರ್ಟ್ರಿಜ್ ಖಾಲಿಯಾಗುತ್ತಿಲ್ಲ ಅಂತ ಕಂಡರೆ ಪೊಲೀಸ್ ಆಗಬೇಡಿ. ಬ್ಯಾಗ್ ಹುಡುಕಬೇಡಿ. ಹಾಕುವುದು ಕಷ್ಟ ಆಗ್ತಿದೆಯಾ ಅಂತ ಮೆತ್ತಗೆ ಕೇಳಿ, ಉತ್ತರ ಬರದಿದ್ದರೂ ಡಾಕ್ಟರಿಗೆ ಹೇಳಿ. ನಿಮಗೇ ಹೀಗೆ ಆಗುತ್ತಿದ್ದರೆ, ಪೂರ್ತಿ ಹೇಳಲು ಆಗದಿದ್ದರೂ "ಹಾಕ್ಲಿಕ್ಕೆ ಆಗ್ತಿಲ್ಲ" ಅಂತ ಎರಡು ಶಬ್ದ ಒಬ್ಬರಿಗೆ ಹೇಳಿ. ಮನಸ್ಸಿನ ಸಂಕಟಕ್ಕೆ ಸರ್ಕಾರದ ಟೆಲಿ ಮಾನಸ್ ಇದೆ, 14416, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಇಲ್ಲ. ಆದರೆ ವಾಂತಿ, ಹೊಟ್ಟೆನೋವು, ಜೋರು ಉಸಿರು ಇದ್ದರೆ ಫೋನ್ ಮಾಡುತ್ತಾ ಕೂರಬೇಡಿ, ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ, ಟೈಪ್ ಒನ್ ಅಂತ ಬಾಗಿಲಲ್ಲೇ ಹೇಳಿ.

ಈಗ ಹತ್ತು ತಿಂಗಳಾಯಿತು. ಡಿಕೆಎ ಮತ್ತೆ ಆಗಿಲ್ಲ. ಎಚ್‌ಬಿಎ1ಸಿ ಹನ್ನೆರಡೂವರೆಯಿಂದ ಒಂಬತ್ತಕ್ಕೆ ಬಂದಿದೆ. ಒಂಬತ್ತು ಒಳ್ಳೆಯ ಅಂಕಿ ಅಲ್ಲ, ಆದರೆ ಅದು ನಿಜವಾದ ಅಂಕಿ. ನಡುವೆ ಎರಡು ಸಲ ಜಾರಿದ್ದಾಳೆ, ಪರೀಕ್ಷೆಯ ಸಮಯದಲ್ಲಿ ಒಮ್ಮೆ, ಗೆಳತಿಯ ಎಂಗೇಜ್‌ಮೆಂಟಿಗೆ ಸೀರೆ ಬ್ಲೌಸ್ ಹೊಲಿಸುವಾಗ ಒಮ್ಮೆ. ಕೌನ್ಸೆಲಿಂಗ್ ಹದಿನೈದು ದಿನಕ್ಕೊಮ್ಮೆ ನಡೆಯುತ್ತಿದೆ. ಪಿಜಿಗೆ ವಾಪಸ್ ಹೋಗಿದ್ದಾಳೆ. ರೂಮ್‌ಮೇಟ್‌ಗಳಿಬ್ಬರಿಗೂ ಎಲ್ಲ ಗೊತ್ತು, ಕೀಟೋನ್ ಸ್ಟ್ರಿಪ್ ಡಬ್ಬಿ ಅವರ ಕಪಾಟಿನಲ್ಲೂ ಒಂದು ಉಂಟು.

ಕಳೆದ ವಾರ ಬಂದಾಗ ಡೈರಿ ಮೇಜಿನ ಮೇಲಿಟ್ಟಳು. ಒಂದು ಪುಟದಲ್ಲಿ ಕಪ್ಪು ಪೆನ್, ಒಂದರಲ್ಲಿ ಪೆನ್ಸಿಲ್, ಎಣ್ಣೆಯ ಒಂದು ಬೆರಳಚ್ಚು. ಗುರುವಾರ ರಾತ್ರಿಯ ಜಾಗದಲ್ಲಿ 312, ಪಕ್ಕದಲ್ಲಿ "ಹಾಕಿಲ್ಲ, ಹೆದರಿಕೆ ಆಯ್ತು". ಕೆಳಗಿನ ಸಾಲಿನಲ್ಲಿ, "11.20ಕ್ಕೆ ಹಾಕಿದೆ". ಆ ಎರಡು ಸಾಲಿನ ನಡುವೆ ಏನಾಯಿತು ಅಂತ ಕೇಳಿದೆ, ಅವಳು ಹೇಳತೊಡಗಿದಳು, ನಾನು ಮುಂದಿನ ಪೇಷಂಟನ್ನು ಸ್ವಲ್ಪ ಹೊತ್ತು ಕಾಯಲು ಹೇಳಿ ಬಾಗಿಲು ಹಾಕಿದೆ.